ದೊಡ್ಡ ಫೈಲು ಕಳಿಸಲು ಯಾವುದು ವಾಸಿ? ಒಂದೇ ಫೋಲ್ಡರ್, ಹಲವು ದಾರಿ

ಸಣ್ಣಪುಟ್ಟ ಕಂಪನಿಗಳಿಗೆ ವಿಡಿಯೊ ಎಡಿಟ್ ಮಾಡಿಕೊಡುವುದು ನನ್ನ ಕಸುಬು. ಎಡಿಟ್ ಮುಗಿದರೆ ಕೆಲಸ ಮುಗಿಯಿತು ಅಂತ ಹೊರಗಿನವರಿಗೆ ಅನ್ನಿಸಬಹುದು. ಆದರೆ ಆ ಫೈಲು ಕ್ಲೈಂಟ್ ಕೈಗೆ ಸರಿಯಾಗಿ ಸೇರುವವರೆಗೂ ನನಗೆ ಸಮಾಧಾನ ಇರುವುದಿಲ್ಲ. ಜಿಮೇಲ್‌ನಲ್ಲಿ ಅಟ್ಯಾಚ್ ಮಾಡೋಣ ಅಂದರೆ ಮಿತಿ 25 ಎಂಬಿ. ನನ್ನ ವಿಡಿಯೊದ ಹತ್ತು ಸೆಕೆಂಡ್ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ಹಾಗಾಗಿ ಕಳೆದ ತಿಂಗಳು ಕೂತು ಒಂದೇ ಫೋಲ್ಡರನ್ನು ಬೇರೆ ಬೇರೆ ದಾರಿಯಲ್ಲಿ ಕಳಿಸಿ ನೋಡಿದೆ. ಅದರಲ್ಲಿ 11 ಜಿಬಿಯ ಒಂದು ಪ್ರೊರೆಸ್ (ಎಡಿಟಿಂಗ್‌ನಲ್ಲಿ ಬಳಸುವ, ಗುಣಮಟ್ಟವೂ ಗಾತ್ರವೂ ದೊಡ್ಡದಾದ ಫಾರ್ಮ್ಯಾಟ್) ವಿಡಿಯೊ ಇತ್ತು. ಜೊತೆಗೆ 3 ಜಿಬಿಗೆ ಸ್ವಲ್ಪ ಕಡಿಮೆ ಆಡಿಯೊ ಮತ್ತು ಫೋಟೊ. ಒಟ್ಟು ಹೆಚ್ಚುಕಡಿಮೆ 14 ಜಿಬಿ. ಪ್ರತಿ ಸಲವೂ ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ, ಯಾವ ಅಕೌಂಟಿಗೂ ಲಾಗಿನ್ ಆಗದೆ, ನಾನೇ ಕ್ಲೈಂಟ್ ಅಂದುಕೊಂಡು ಇಳಿಸಿಕೊಂಡೆ. ಈ ಎರಡನೇ ಭಾಗವನ್ನೇ ನಾವು ಯಾರೂ ಮಾಡಿ ನೋಡುವುದಿಲ್ಲ, ಅಲ್ವಾ? ಕಳಿಸುವವರಿಗೆ ಎಲ್ಲ ಸೇವೆಗಳೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಪಡೆಯುವವರ ಕಡೆ.

ವೇಗದ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ನನ್ನ ಲೈನಿನ ಅಪ್‌ಲೋಡ್ ಸೆಕೆಂಡಿಗೆ 40 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 5 ಎಂಬಿ, 14 ಜಿಬಿಗೆ 47 ನಿಮಿಷ. ಪೂರ್ತಿ ಫೋಲ್ಡರ್ ಹಿಡಿಸಿದ ಸೇವೆಗಳೆಲ್ಲ 50 ನಿಮಿಷದ ಆಸುಪಾಸಿನಲ್ಲೇ ಮುಗಿಸಿದವು. ಲೈನು ನಿಧಾನ ಇದ್ದಾಗ ಸೇವೆ ಬದಲಿಸಿ ಪ್ರಯೋಜನವಿಲ್ಲ. ಸುಮ್ನೆ ಜಿಪ್ ಮಾಡಿಯೂ ಪ್ರಯೋಜನವಿಲ್ಲ. ಎಂಪಿ4, ಜೆಪೆಗ್ ಇವೆಲ್ಲ ಮೊದಲೇ ಹಿಂಡಿಟ್ಟ ಫೈಲುಗಳು, ಜಿಪ್ ಮಾಡಿದರೂ ಕುಗ್ಗುವುದಿಲ್ಲ. ಫೋಲ್ಡರ್ ಚೆದುರದೆ ಒಂದೇ ಕಟ್ಟಾಗಿ ಹೋಗಲಿ ಅಂತಿದ್ದರೆ ಮಾತ್ರ ಜಿಪ್ ಮಾಡಿ.

ಮೊದಲು ಗೂಗಲ್ ಡ್ರೈವ್. ಉಚಿತವಾಗಿ 15 ಜಿಬಿ ಕೊಡುತ್ತದೆ. ಆದರೆ ಮೇಲ್, ಫೋಟೊ, ಡ್ರೈವ್ ಮೂರೂ ಅಷ್ಟರಲ್ಲೇ ಹೊಂದಿಕೊಳ್ಳಬೇಕು. ನಾನು ಹಣ ಕೊಟ್ಟು ಹೆಚ್ಚಿಸಿಕೊಂಡಿದ್ದೇನೆ. ಇದರ ದೊಡ್ಡ ಗುಣ ಅಂದರೆ ಕ್ಲೈಂಟ್‌ಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಇನ್ನೊಂದು ಗುಣ, ಅದೇ ಫೈಲಿಗೆ ಹೊಸ ಆವೃತ್ತಿ ಏರಿಸಿದರೆ ಲಿಂಕು ಬದಲಾಗುವುದಿಲ್ಲ. ತಿದ್ದುಪಡಿ ಮೇಲೆ ತಿದ್ದುಪಡಿ ಬರುವ ಕೆಲಸಗಳಲ್ಲಿ ಇದು ಬಹಳ ಉಪಕಾರಿ.

ಕ್ಲೈಂಟ್ ಜಾಗದಲ್ಲಿ ಕೂತಾಗ ಎರಡು ವಿಷಯ ಕಣ್ಣಿಗೆ ಬಿದ್ದವು. ಇಡೀ ಫೋಲ್ಡರನ್ನು ಒಟ್ಟಿಗೆ ಡೌನ್‌ಲೋಡ್ ಮಾಡಿದರೆ ಡ್ರೈವ್ ಅದನ್ನು ಹಲವು ಜಿಪ್‌ಗಳಾಗಿ ಒಡೆದು ಕೊಡುತ್ತದೆ, ತುಂಬಾ ದೊಡ್ಡ ಫೈಲು ಬೇರೆಯಾಗಿ ಬರುತ್ತದೆ. ಎಲ್ಲ ತುಂಡೂ ಬಂತೇ ಅಂತ ಎಣಿಸಬೇಕು. ಎರಡನೆಯದು, ಲಿಂಕು ಒತ್ತಿದ ಕೂಡಲೇ ವಿಡಿಯೊ ಅಲ್ಲೇ ಓಡಲು ಶುರುವಾಗುತ್ತದೆ. ಅದು ಮೂಲ ಫೈಲಲ್ಲ, ನೋಡಲಿಕ್ಕೆಂದು ಡ್ರೈವ್ ತಯಾರಿಸಿಕೊಂಡ ಹಗುರ ಪ್ರತಿ. ಗೊತ್ತಿಲ್ಲದವರು ಅದನ್ನೇ ನೋಡಿ 'ಚಿತ್ರ ಯಾಕೋ ಮಸುಕಾಗಿದೆ' ಅನ್ನಬಹುದು. ಅದಕ್ಕೇ ಈಗ ಲಿಂಕಿನ ಕೆಳಗೆ 'ಇಳಿಸಿಕೊಂಡು ನೋಡಿ' ಅಂತ ತಪ್ಪದೆ ಬರೆಯುತ್ತೇನೆ. ಹಂಚಿಕೆಯನ್ನು 'ಲಿಂಕ್ ಇರುವ ಯಾರಾದರೂ' ಅಂತ ಬದಲಿಸಿದ್ದೇನೆಯೇ ಅಂತಲೂ ಖಾಸಗಿ ವಿಂಡೋದಲ್ಲಿ ತೆರೆದು ನೋಡಿಕೊಳ್ಳುತ್ತೇನೆ.

ವಿಟ್ರಾನ್ಸ್‌ಫರ್ ಇದಕ್ಕೆ ತದ್ವಿರುದ್ಧ. ಇಳಿಸಿಕೊಳ್ಳುವವರಿಗೆ ಲಾಗಿನ್ ಗೊಡವೆ ಇಲ್ಲ. ಕ್ಲೈಂಟ್‌ಗೆ ಒಂದೇ ಬಟನ್ ಕಾಣುತ್ತದೆ, ಒತ್ತಿದರೆ ಫೈಲು ಇಳಿಯುತ್ತದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಈ ಸೇವೆ ನಮ್ಮಂಥವರ ನಡುವೆ ಹೆಸರು ಮಾಡಿದ್ದೇ ಈ ಸರಳತೆಯಿಂದ. ಆದರೆ 2024ರ ಕೊನೆಯಲ್ಲಿ ಉಚಿತ ಬಳಕೆಯ ನಿಯಮ ಬಿಗಿಯಾಯಿತು. 30 ದಿನಕ್ಕೆ ಒಟ್ಟು 3 ಜಿಬಿ, ಹತ್ತು ಸಲ ಕಳಿಸಬಹುದು, ಲಿಂಕಿನ ಆಯಸ್ಸು ಮೂರು ದಿನ. ನನ್ನ ಆಡಿಯೊ, ಫೋಟೊ ಮಾತ್ರ ಅದರಲ್ಲಿ ಹೋದವು, ವಿಡಿಯೊ ಹೋಗಲಿಲ್ಲ.

ಲಿಂಕಿನ ಆಯಸ್ಸನ್ನು ಹಗುರವಾಗಿ ತಗೋಬೇಡಿ. ಹಿಂದೊಮ್ಮೆ ಹೀಗೇ ಅವಧಿ ಮುಗಿಯುವ ಒಂದು ಸೇವೆಯಲ್ಲಿ ಕೆಲಸ ಕಳಿಸಿದ್ದೆ. ಕ್ಲೈಂಟ್ ರಜೆಯಲ್ಲಿದ್ದರು. ಹತ್ತನೇ ದಿನ ಬಂದು ಲಿಂಕು ತೆರೆದರೆ ಫೈಲು ಅಳಿಸಿಹೋಗಿತ್ತು. ಅಷ್ಟರಲ್ಲಿ ನಾನು ಮೂಲವನ್ನು ಲ್ಯಾಪ್‌ಟಾಪ್‌ನಿಂದ ತೆಗೆದು ಹಳೆಯ ಡಿಸ್ಕಿಗೆ ಹಾಕಿಬಿಟ್ಟಿದ್ದೆ. ಹುಡುಕಿ, ಮತ್ತೆ ಏರಿಸಿ ಕೊಡುವಷ್ಟರಲ್ಲಿ ಅರ್ಧ ದಿನ ಹೋಯಿತು. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ಮುಖ ತೋರಿಸಲು ಸಂಕೋಚವಾಯಿತು.

ಈ ಪ್ರಯೋಗದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಸ್ವಿಸ್‌ಟ್ರಾನ್ಸ್‌ಫರ್. ಅಕೌಂಟ್ ಬೇಡ, ಉಚಿತವಾಗಿಯೇ ಒಂದು ಸಲಕ್ಕೆ 50 ಜಿಬಿ. ಲಿಂಕು 30 ದಿನದವರೆಗೂ ಇರುವಂತೆ ನಾವೇ ಆರಿಸಿಕೊಳ್ಳಬಹುದು. ಪಾಸ್‌ವರ್ಡ್ ಇಡಬಹುದು, ಎಷ್ಟು ಸಲ ಡೌನ್‌ಲೋಡ್ ಆಗಬಹುದು ಅಂತಲೂ ಮಿತಿ ಹಾಕಬಹುದು. 14 ಜಿಬಿ ಒಂದೇ ಏಟಿಗೆ ಹೋಯಿತು, ಆ ಕಡೆ ಅಷ್ಟೇ ಸಲೀಸಾಗಿ ಇಳಿಯಿತು. ಒಂದೇ ಕೊರತೆ, ಹೊಸ ಆವೃತ್ತಿ ಆದಾಗಲೆಲ್ಲ ಹೊಸ ಲಿಂಕು. ಮೂರು ತಿದ್ದುಪಡಿ ಆದರೆ ಕ್ಲೈಂಟ್ ಹತ್ತಿರ ಮೂರು ಲಿಂಕು ಇರುತ್ತವೆ, ಯಾವುದು ಕೊನೆಯದು ಅನ್ನುವ ಗೊಂದಲ ಶುರುವಾಗುತ್ತದೆ. ಹಾಗಾಗಿ ಇದು ಕೊನೆಯ ಒಪ್ಪಿಸುವಿಕೆಗೆ ಸರಿ, ನಡುವಿನ ಹಂತಗಳಿಗೆ ಅಲ್ಲ.

ಡ್ರಾಪ್‌ಬಾಕ್ಸ್ ಉಚಿತವಾಗಿ ಕೊಡುವುದು 2 ಜಿಬಿ ಮಾತ್ರ. ವಿಡಿಯೊದವರಿಗೆ ಅದು ಏನೇನೂ ಸಾಲದು. ಆದರೆ ಡಿಸೈನ್ ಕೆಲಸ ಮಾಡುವ ನನ್ನ ಗೆಳತಿ ಇದನ್ನು ಬಿಡಲು ತಯಾರಿಲ್ಲ, ಅದಕ್ಕೆ ಕಾರಣವೂ ಇದೆ. ಫೈಲನ್ನು ಅದು 4 ಎಂಬಿಯ ತುಂಡುಗಳಾಗಿ ನೋಡುತ್ತದೆ. ದೊಡ್ಡ ಫೈಲಿನಲ್ಲಿ ಸ್ವಲ್ಪ ಭಾಗ ಬದಲಾದರೆ ಆ ತುಂಡುಗಳಷ್ಟೇ ಮತ್ತೆ ಮೇಲೆ ಹೋಗುತ್ತವೆ. ವಿಡಿಯೊವನ್ನು ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿದರೆ ಫೈಲು ಬಹುಪಾಲು ಬದಲಾಗುವುದರಿಂದ ನನಗೆ ಆ ಲಾಭ ಸಿಗುವುದಿಲ್ಲ.

ಮೆಗಾ 20 ಜಿಬಿ ಉಚಿತ ಕೊಡುತ್ತದೆ, ಫೈಲು ನಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿಕೊಂಡು (ಎನ್‌ಕ್ರಿಪ್ಟ್ ಆಗಿ) ಹೊರಡುತ್ತದೆ. ಗುಟ್ಟಾಗಿ ಇಡಬೇಕಾದ ಕೆಲಸಗಳಿಗೆ ಒಳ್ಳೆಯದು. ಆ ಬೀಗದ ಕೈ ಇರುವುದು ಲಿಂಕಿನ ಕೊನೆಯಲ್ಲಿ, ಹ್ಯಾಷ್ (#) ಗುರುತಿನ ನಂತರ. ಲಿಂಕನ್ನು ಅರ್ಧ ಕಾಪಿ ಮಾಡಿದರೆ ಫೈಲು ತೆರೆಯುವುದಿಲ್ಲ, ಕೀ ಕೇಳುತ್ತದೆ. ಉಚಿತವಾಗಿ ಇಳಿಸಿಕೊಳ್ಳುವವರಿಗೂ ಒಂದು ಮಿತಿ ಇದೆ. ಕಂಪ್ಯೂಟರ್ ಚೆನ್ನಾಗಿ ಬಲ್ಲ ಕ್ಲೈಂಟ್ ಆದರೆ ಮಾತ್ರ ನಾನು ಇದನ್ನು ಕಳಿಸುತ್ತೇನೆ.

ಬೀಗ ಹಾಕಿ ಕಳಿಸುವ ಸೇವೆಗಳಲ್ಲಿ ನನಗೆ ಪ್ರೀತಿಯಾಗಿದ್ದದ್ದು ಫೈರ್‌ಫಾಕ್ಸ್ ಸೆಂಡ್. 2019ರಲ್ಲಿ ಎಲ್ಲರಿಗೂ ಬಂತು, 2020ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು. ಕೆಟ್ಟ ಜನ ಅದನ್ನು ಮಾಲ್‌ವೇರ್ ಹಂಚಲು ಬಳಸಿಕೊಂಡರು. ಆವತ್ತಿನಿಂದ ಒಂದೇ ಸೇವೆಯನ್ನು ನಂಬಿ ಕೂರುವುದನ್ನು ಬಿಟ್ಟೆ.

ವಾಟ್ಸಾಪ್ ಬಗ್ಗೆ ಒಂದು ಮಾತು. ಡಾಕ್ಯುಮೆಂಟ್ ಅಂತ ಕಳಿಸಿದರೆ 2 ಜಿಬಿವರೆಗೆ ಹೋಗುತ್ತದೆ, ಗುಣಮಟ್ಟ ಕೆಡುವುದಿಲ್ಲ. ವಿಡಿಯೊ ಅಂತ ಕಳಿಸಿದರೆ ಅದು ಹಿಂಡಿಬಿಡುತ್ತದೆ. ಒಪ್ಪಿಗೆಗೆ ಕಳಿಸುವ ಪ್ರತಿಗೆ ಇದು ಸಾಕು. ಅಂದಹಾಗೆ, ಒಪ್ಪಿಗೆಗೆ ಮೂಲ ಫೈಲು ಕಳಿಸಲೇಬೇಡಿ. ಕ್ಲೈಂಟ್ ಮೊದಲು ನೋಡುವುದು ಫೋನಿನಲ್ಲಿ. ಚಿತ್ರದ ಮೇಲೆ ನಿಮ್ಮ ಹೆಸರು ಬಿದ್ದಿರುವ 200–300 ಎಂಬಿಯ ಪ್ರತಿ ಕಳಿಸಿ. ಮೂಲ ಫೈಲು ಬಿಲ್ ಆದ ಮೇಲೆ ಹೋಗಲಿ.

500 ಜಿಬಿಯಷ್ಟು ಕಚ್ಚಾ ವಿಡಿಯೊ ಇದ್ದರೆ? ನನ್ನ ಲೈನಿನಲ್ಲಿ ಅದಕ್ಕೆ 28 ಗಂಟೆ ಬೇಕು. ಆಗ ಹಾರ್ಡ್ ಡಿಸ್ಕ್ ಕಳಿಸುವುದೇ ವಾಸಿ. ಅದನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓಡುತ್ತದೆ. ಹಳೆಯ ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದೇ ಇಲ್ಲ.

ಯಾವುದರಲ್ಲಿ ಕಳಿಸಿದರೂ ಗಾತ್ರವನ್ನು ತಾಳೆ ನೋಡಲು ಹೇಳಿ. ಒಮ್ಮೆ ಒಬ್ಬರು 'ಕೊನೆಯ ಎರಡು ನಿಮಿಷ ಇಲ್ಲವೇ ಇಲ್ಲ' ಅಂತ ಫೋನ್ ಮಾಡಿದರು. ನಾನು ಎಡಿಟ್‌ನಲ್ಲೇ ತಪ್ಪಾಯಿತೇನೋ ಅಂತ ಗಾಬರಿಯಾಗಿ ಟೈಮ್‌ಲೈನ್ ಎಲ್ಲ ಜಾಲಾಡಿದೆ. ಕೊನೆಗೆ ನೋಡಿದರೆ ಡೌನ್‌ಲೋಡ್ ನಡುವೆ ಕಡಿದಿತ್ತು, ಬ್ರೌಸರ್ ಅದನ್ನೇ ಪೂರ್ತಿ ಅಂತ ತೋರಿಸಿತ್ತು. ಬೈಟ್‌ಗಳ ಸಂಖ್ಯೆ ಹೋಲಿಸಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಸದ್ಯಕ್ಕೆ ನನ್ನ ಪದ್ಧತಿ ಇಷ್ಟು: ತಿದ್ದುಪಡಿ ನಡೆಯುವಾಗ ಡ್ರೈವ್, ಕೊನೆಯ ಫೈಲಿಗೆ ಸ್ವಿಸ್‌ಟ್ರಾನ್ಸ್‌ಫರ್. ಪಾಸ್‌ವರ್ಡ್ ಇದ್ದರೆ ಅದನ್ನು ಮೇಲ್‌ನಲ್ಲಿ ಬರೆಯದೆ ಫೋನಿನಲ್ಲಿ ಹೇಳುತ್ತೇನೆ. ಲಿಂಕಿನ ಜೊತೆ ಹೋಗುವ ಸಂದೇಶ ಹೀಗಿರುತ್ತದೆ: 'ನಮಸ್ಕಾರ ಸರ್. ಫೋಲ್ಡರ್ ಸಿದ್ಧ ಇದೆ, ಒಟ್ಟು 14 ಜಿಬಿ. ದಯವಿಟ್ಟು ಲ್ಯಾಪ್‌ಟಾಪ್‌ನಲ್ಲಿ ಇಳಿಸಿಕೊಳ್ಳಿ, ಫೋನಿನಲ್ಲಿ ಬೇಡ. ವಿಡಿಯೊ ಫೈಲಿನ ಗಾತ್ರ ಎಷ್ಟು ಬೈಟ್ ಅಂತ ಕೆಳಗೆ ಬರೆದಿದ್ದೇನೆ, ಒಮ್ಮೆ ತಾಳೆ ನೋಡಿ. ಲಿಂಕು ಈ ತಿಂಗಳ ಕೊನೆಯವರೆಗೆ ಇರುತ್ತದೆ. ಪೂರ್ತಿ ಓಡಿಸಿ ನೋಡಿದ ಮೇಲೆ ಒಂದು ಮಾತು ತಿಳಿಸಿ, ಅಲ್ಲಿವರೆಗೂ ನನ್ನ ಕಂಪ್ಯೂಟರಿನಿಂದ ಏನನ್ನೂ ಅಳಿಸುವುದಿಲ್ಲ.'