ರಾತ್ರಿಗಳನ್ನು ಎಣಿಸಿದ ವಕೀಲರ ಕಚೇರಿ

ಅಮೆರಿಕದ ನಾರ್ತ್ ಕೆರೊಲಿನಾದ ರಾಲಿ ನಗರದಲ್ಲಿ ದಿವಾಳಿ ಅರ್ಜಿಗಳನ್ನೇ ಮುಖ್ಯವಾಗಿ ನೋಡಿಕೊಳ್ಳುವ ಸಣ್ಣ ವಕೀಲರ ಕಚೇರಿಯೊಂದರ ಸೇವೆಯನ್ನು ಕಳೆದ ವರ್ಷ ಪಡೆದೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ. ವಿಚ್ಛೇದನವಾದ ಮೇಲೆ ಕ್ರೆಡಿಟ್ ಕಾರ್ಡ್ ಸಾಲವೂ ಆಸ್ಪತ್ರೆಯ ಬಿಲ್ಲುಗಳೂ ನನ್ನ ಒಬ್ಬಳ ಸಂಬಳದಲ್ಲಿ ತೀರುವ ಹಂತವನ್ನು ದಾಟಿದ್ದವು. ಸಾಲ ಮನ್ನಾ ಕೋರಲು ದಿವಾಳಿ ಕಾನೂನಿನ ಚಾಪ್ಟರ್ 7 ಅಡಿಯಲ್ಲಿ ಅರ್ಜಿ ಹಾಕುವುದು ಬಿಟ್ಟರೆ ಬೇರೆ ದಾರಿ ಕಾಣಲಿಲ್ಲ.

ಇಲ್ಲಿಗೆ ಬರುವ ಮೊದಲು, ಆನ್‌ಲೈನಿನಲ್ಲಿ ಕಡಿಮೆ ದುಡ್ಡಿಗೆ ಅರ್ಜಿ ತುಂಬಿಕೊಡುವ ಸೇವೆಯೊಂದನ್ನು ಬಳಸಿ ನೋಡಿದ್ದೆ. ಅದು ಮಕ್ಕಳೆಷ್ಟು ಎಂದು ಕೇಳಿತು, ಇಬ್ಬರು ಎಂದೆ, ಮನೆಯಲ್ಲಿ ಮೂವರು ಎಂದು ತಾನೇ ಬರೆದುಕೊಂಡು ಮುಂದಿನ ಪುಟಕ್ಕೆ ಹೋಯಿತು. ಮಕ್ಕಳು ವರ್ಷದಲ್ಲಿ ಎಷ್ಟು ದಿನ ನನ್ನ ಬಳಿ ಇರುತ್ತಾರೆ, ಎಷ್ಟು ದಿನ ಅವರ ತಂದೆಯ ಬಳಿ ಇರುತ್ತಾರೆ ಎಂದು ಕೇಳಲೇ ಇಲ್ಲ.

ಮನೆಯಲ್ಲಿ ಎಷ್ಟು ಜನ ಎಂಬ ಆ ಒಂದು ಅಂಕಿಯ ಮೇಲೆ ಬಹಳಷ್ಟು ನಿಂತಿದೆ. 2005ರ ತಿದ್ದುಪಡಿಯಿಂದ ಬಂದ, ಚಾಪ್ಟರ್ 7ಕ್ಕೆ ಅರ್ಹತೆ ನೋಡುವ ಮೀನ್ಸ್ ಟೆಸ್ಟ್ ಎಂಬ ಆದಾಯ ಪರೀಕ್ಷೆಯಲ್ಲಿ, ಅರ್ಜಿ ಹಾಕುವ ತಿಂಗಳಿಗೆ ಹಿಂದಿನ ಆರು ತಿಂಗಳ ಸರಾಸರಿ ಆದಾಯವನ್ನು ಹನ್ನೆರಡರಿಂದ ಗುಣಿಸಿ, ಆ ರಾಜ್ಯದಲ್ಲಿ ಅಷ್ಟೇ ಜನರಿರುವ ಕುಟುಂಬದ ಮಧ್ಯಾಂಕ ಆದಾಯದೊಡನೆ ಹೋಲಿಸುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಪರೀಕ್ಷೆ ಅಲ್ಲಿಗೆ ಮುಗಿಯುತ್ತದೆ. ಮೇಲಿದ್ದರೆ ಖರ್ಚುಗಳನ್ನು ಸಾಲುಸಾಲಾಗಿ ತೋರಿಸುವ ಎರಡನೆಯ ಫಾರ್ಮ್ ತುಂಬಬೇಕು. ನನ್ನ ಆದಾಯ ಮೂವರ ಕುಟುಂಬದ ಮಿತಿಗಿಂತ ಕೆಳಗೂ ಇಬ್ಬರ ಕುಟುಂಬದ ಮಿತಿಗಿಂತ ಮೇಲೂ ಇತ್ತು.

ಕಚೇರಿಯ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ, ಮೊದಲ ದಿನವೇ ಕೇಳಿದ್ದು ನಮ್ಮ ಅಡುಗೆಮನೆಯ ಕ್ಯಾಲೆಂಡರನ್ನು. ಮಕ್ಕಳು ನನ್ನ ಮನೆಯಲ್ಲಿ ಮಲಗಿದ ರಾತ್ರಿಗಳ ಮೇಲೆ ಆಕೆ ಹಸಿರು ಹೈಲೈಟರ್ ಎಳೆಯುತ್ತಾ ಹೋದರು. ಬೇಸಿಗೆ ರಜೆ ಯಾರ ಪಾಲು, ದೀಪಾವಳಿ ಯಾರ ಪಾಲು, ಮಗಳು ಗೆಳತಿಯ ಮನೆಯಲ್ಲಿ ಮಲಗಿದ ಎರಡು ಶನಿವಾರಗಳು ಯಾರ ವಾರಕ್ಕೆ ಸೇರಿದ್ದವು, ಎಲ್ಲವನ್ನೂ ಕೇಳಿದರು. ಒಂದು ಗಂಟೆಯ ನಂತರ ಬಂದ ಲೆಕ್ಕ 208 ರಾತ್ರಿ.

ಈ ಶ್ರಮ ಏಕೆಂಬುದನ್ನು ವಕೀಲರು ನಿಧಾನವಾಗಿ ವಿವರಿಸಿದರು. ಮನೆಯ ಸದಸ್ಯ ಎಂದರೆ ಯಾರು ಎಂಬುದಕ್ಕೆ ದಿವಾಳಿ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲವಾದ್ದರಿಂದ, ಜನಗಣತಿಯಂತೆ ಸೂರಿನಡಿ ಇರುವವರನ್ನೆಲ್ಲ ಎಣಿಸುವುದು, ತೆರಿಗೆ ರಿಟರ್ನಿನಲ್ಲಿ ಅವಲಂಬಿತರೆಂದು ತೋರಿಸಿದವರನ್ನು ಮಾತ್ರ ಎಣಿಸುವುದು, ಅಥವಾ ಆದಾಯ ಮತ್ತು ಖರ್ಚು ಒಂದರಲ್ಲೊಂದು ಬೆರೆತಿರುವವರನ್ನು ಎಣಿಸುವುದು ಎಂಬ ಮೂರು ಕ್ರಮಗಳನ್ನು ಬೇರೆ ಬೇರೆ ನ್ಯಾಯಾಲಯಗಳು ಅನುಸರಿಸಿವೆ. ನಾರ್ತ್ ಕೆರೊಲಿನಾ ಸೇರಿರುವ ನಾಲ್ಕನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಮೂರನೆಯ ಕ್ರಮವನ್ನು ಒಪ್ಪಿತು. ಆ ಪ್ರಕರಣದ ಮಹಿಳೆ ತನ್ನ ಇಬ್ಬರು ಮಕ್ಕಳನ್ನೂ ಈಗಿನ ಗಂಡನ ಮೂವರು ಮಕ್ಕಳನ್ನೂ ಸೇರಿಸಿ ಏಳು ಜನರೆಂದು ಬರೆದಿದ್ದರು. ಆಕೆಯ ಮಕ್ಕಳು ವರ್ಷಕ್ಕೆ 204 ದಿನ, ಗಂಡನ ಮಕ್ಕಳು ಸುಮಾರು 180 ದಿನ ಆ ಮನೆಯಲ್ಲಿರುತ್ತಿದ್ದುದರಿಂದ ಒಬ್ಬೊಬ್ಬರನ್ನು ಕ್ರಮವಾಗಿ 0.56 ಮತ್ತು 0.49 ಎಂದು ಹಿಡಿದು, ಒಟ್ಟು 2.59 ಬಂದದ್ದನ್ನು ಹತ್ತಿರದ ಪೂರ್ಣಸಂಖ್ಯೆಯಾದ ಮೂರಕ್ಕೆ ಏರಿಸಿ, ದಂಪತಿ ಸೇರಿ ಐವರೆಂದು ಕೆಳಗಿನ ನ್ಯಾಯಾಲಯ ತೀರ್ಮಾನಿಸಿತ್ತು. ಮೇಲಿನವರು ಅದನ್ನೇ ಎತ್ತಿಹಿಡಿದರು. ಮಕ್ಕಳನ್ನು ದಶಮಾಂಶದಲ್ಲಿ ಎಣಿಸುವುದು ಕೇಳಲು ವಿಚಿತ್ರ. ಆದರೆ ವಾರಕ್ಕೊಮ್ಮೆ ಬಟ್ಟೆ ಚೀಲ ಹೊತ್ತು ಮನೆ ಬದಲಿಸುವ ಮಕ್ಕಳ ತಾಯಿಗೆ ಅದು ಅಷ್ಟೇನೂ ವಿಚಿತ್ರವಾಗಿ ಕಾಣಲಿಲ್ಲ.

ಅದೇ ಲೆಕ್ಕದಲ್ಲಿ ನನ್ನ ಇಬ್ಬರು ಮಕ್ಕಳು ಸೇರಿ 1.14. ಅದು ಒಂದಕ್ಕೇ ಹತ್ತಿರ, ಅದನ್ನು ಎರಡೆಂದು ಬರೆಯಲು ವಕೀಲರು ಸುತರಾಂ ಒಪ್ಪಲಿಲ್ಲ. ಧಾರವಾಡದಿಂದ ಬಂದು ಆರು ತಿಂಗಳಿಂದ ನನ್ನ ಮನೆಯಲ್ಲೇ ಇದ್ದ ಅಮ್ಮನನ್ನಾದರೂ ಸೇರಿಸಬಹುದೇ ಎಂದು ಕೇಳಿದೆ. ಊರಿನಲ್ಲಾದರೆ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದವರಿಗೆ ಅಮ್ಮನನ್ನು ಬಿಟ್ಟು ಲೆಕ್ಕ ಹೇಳುವುದುಂಟೇ? ಸಂದರ್ಶಕ ವೀಸಾದಲ್ಲಿ ಬಂದು ಮುಂದಿನ ತಿಂಗಳು ಹಿಂತಿರುಗುವವರನ್ನು ಈ ಮನೆಯ ಸದಸ್ಯರೆಂದು, ಅರ್ಜಿಯನ್ನು ಪರಿಶೀಲಿಸಲು ನೇಮಕವಾಗುವ ಟ್ರಸ್ಟಿಯ ಮುಂದೆ ಸಮರ್ಥಿಸುವುದು ತಮಗೆ ಸಾಧ್ಯವಿಲ್ಲವೆಂದರು. ಅಂದು ಸಿಟ್ಟು ಬಂದದ್ದು ನಿಜ.

ಹಾಗಾಗಿ ನಾನೊಬ್ಬಳು, ಮಕ್ಕಳ ಲೆಕ್ಕಕ್ಕೆ ಒಂದು, ಹೀಗೆ ಇಬ್ಬರ ಕುಟುಂಬವೆಂದೇ ಬರೆದು ಎರಡನೆಯ ಫಾರ್ಮ್ ತುಂಬಿದೆವು. ತೆರಿಗೆ, ಆರೋಗ್ಯ ವಿಮೆ, ಕಾರಿನ ಸಾಲದ ಕಂತು, ಶಾಲೆ ಬಿಟ್ಟ ಮೇಲೆ ಮಗನನ್ನು ನೋಡಿಕೊಳ್ಳುವವರಿಗೆ ಕೊಡುವ ಹಣ, ಇವುಗಳನ್ನೆಲ್ಲ ರಸೀದಿ ಸಮೇತ ಕಳೆದಾಗ ಸಾಲ ಕೊಟ್ಟವರಿಗೆ ಹಂಚಲು ಏನೂ ಉಳಿಯಲಿಲ್ಲ, ಅರ್ಜಿ ಪರೀಕ್ಷೆಯನ್ನು ದಾಟಿತು. ಜೂಮ್‌ನಲ್ಲಿ ನಡೆದ ಸಭೆಯಲ್ಲಿ ಮಕ್ಕಳು ಯಾರೊಡನೆ ಇರುತ್ತಾರೆಂದು ಟ್ರಸ್ಟಿ ಕೇಳಿಯೇ ಕೇಳಿದರು, ಮತ್ತು 208 ಎಂಬ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು.

ದೂರುಗಳೂ ಸಣ್ಣವಲ್ಲ. ಮೊದಲ ಭೇಟಿ ಉಚಿತವೆಂದರೂ ಅದು ಅರ್ಧ ಗಂಟೆಗೆ ಸರಿಯಾಗಿ ಮುಗಿಯುತ್ತದೆ. ವಕೀಲರ ಶುಲ್ಕವನ್ನು ಅರ್ಜಿಗೆ ಮೊದಲೇ ಪೂರ್ತಿ ಕಟ್ಟಬೇಕು. ನ್ಯಾಯಾಲಯದ 338 ಡಾಲರ್ ಮತ್ತು ಕಡ್ಡಾಯವಾದ ಸಾಲ ಸಮಾಲೋಚನೆಯ ಖರ್ಚು ಅದರಲ್ಲಿ ಸೇರಿಲ್ಲವೆಂಬುದನ್ನು ಕೊನೆಗೆ ತಿಳಿಸಿದರು. ಫೋನು ಮಾಡಿದರೆ ಮರಳಿ ಕರೆ ಬರಲು ಮೂರು ದಿನ. ಕ್ಯಾಲೆಂಡರನ್ನು ಕಡತಕ್ಕೆಂದು ಇಟ್ಟುಕೊಂಡವರು, ಮಗಳು ಅಂಚಿನಲ್ಲಿ ಬರೆದ ರಂಗೋಲಿಗಳಿವೆ ಎಂದು ಎರಡು ಬಾರಿ ಕೇಳಿದರೂ ಇನ್ನೂ ಹಿಂದಿರುಗಿಸಿಲ್ಲ.