ಏಳಿಂಚಿನ ದೀಪ, ನಾಲ್ಕು ಮಳೆಗಾಲ

ಖರ್ಚಿನ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. 2021ರ ನವೆಂಬರಿನಲ್ಲಿ ಜೀಪಿಗೆಂದು ಆನ್‌ಲೈನಿನಲ್ಲಿ ತರಿಸಿದ ಎಲ್‌ಇಡಿ ಹೆಡ್‌ಲೈಟ್ ಜೋಡಿಗೆ 4,600 ರೂಪಾಯಿ. ಎರಡು ಮಳೆಗಾಲ ಕಳೆದ ಮೇಲೆ ಅದನ್ನು ಬಿಚ್ಚಿಸಿ ಗಾಜಿನ ಹ್ಯಾಲೊಜೆನ್ ದೀಪ ಹಾಕಿಸಿದ್ದಕ್ಕೆ ರಿಲೇ (ಸ್ವಿಚ್ಚಿನ ಸನ್ನೆಗೆ ದೀಪಕ್ಕೆ ಕರೆಂಟು ಹಾಯಿಸುವ ಪುಟ್ಟ ಡಬ್ಬಿ), ವಯರು, ಬಲ್ಬು, ಕೂಲಿ ಎಲ್ಲ ಸೇರಿ 3,150. ಮೊದಲನೆಯ ಖರ್ಚು ದಂಡ ಎಂದು ಹೆಂಡತಿ ಹೇಳುತ್ತಾಳೆ. ಪೂರ್ತಿ ದಂಡವಲ್ಲ, ಆ ವಿಷಯ ಕೊನೆಗೆ ಬರುತ್ತದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ. ಡಾಮರು ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರು ಮುರಕಲ್ಲಿನ ದಾರಿ, ನಡುವೆ ಒಂದು ತೋಡು, ಅದರಾಚೆ ಫೋರ್ ವೀಲ್ ಹಾಕದೆ ಹತ್ತಲಾಗದ ಏರು. ಜೀಪು ಹಳೆಯದು, ನನಗಿಂತ ಮೊದಲು ಇಬ್ಬರ ಕೈ ದಾಟಿ ಬಂದದ್ದು. ಅದರ ಮಾದರಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ನಿಮ್ಮ ಗಾಡಿಯ ಮೂತಿಯಲ್ಲಿ ಗುಂಡಗಿನ ಏಳಿಂಚಿನ ದೀಪಗಳಿದ್ದರೆ ಈ ಕಥೆ ನಿಮ್ಮದೂ ಹೌದು. ಈ ಅಳತೆ 1940ರಲ್ಲಿ ಅಮೆರಿಕದ ಕಾರುಗಳಿಗೆಲ್ಲ ಒಂದೇ ಇರಲೆಂದು ಗೊತ್ತುಮಾಡಿದ್ದು. ಇಂದಿಗೂ ಪೇಟೆಯಲ್ಲಿ ಸಿಗುವ ಏಳಿಂಚಿನ ಯಾವ ದೀಪವಾದರೂ ಹೆಚ್ಚುಕಡಿಮೆ ಆ ಗೂಡಿನಲ್ಲಿ ಕೂರುತ್ತದೆ. ಕೂರುತ್ತದೆ ಎಂಬ ಒಂದೇ ಧೈರ್ಯದಿಂದ ನಾನೂ ತರಿಸಿದೆ.

ನಿವೃತ್ತ ಮಾಷ್ಟ್ರಿಗೆ ರಾತ್ರಿ ಎಲ್ಲಿಗೆ ಹೋಗಲಿಕ್ಕಿದೆ ಎಂದು ಕೇಳಬೇಡಿ. ಆಟ ಅಂದರೆ ಯಕ್ಷಗಾನ, ತಾಳಮದ್ದಳೆ, ಭೂತದ ಕೋಲ, ಪುತ್ತೂರಿನಲ್ಲಿ ಮದುವೆಯ ಮುಂಚಿನ ದಿನದ ಊಟ. ನವೆಂಬರಿನಿಂದ ಮೇ ತನಕ ವಾರಕ್ಕೆ ಎರಡು ರಾತ್ರಿಯಾದರೂ ಸ್ಟೇರಿಂಗ್ ಹಿಡಿದೇ ಇರುತ್ತೇನೆ. ಜೀಪಿನೊಂದಿಗೆ ಬಂದಿದ್ದ ದೀಪಗಳ ಬೆಳಕು ತೆಂಗಿನ ಒಣಗರಿಯ ಸೂಟೆಗೆ ಸಮ. ಸೂಟೆಯನ್ನಾದರೂ ಬೀಸಿದರೆ ಸ್ವಲ್ಪ ಉರಿಯುತ್ತದೆ.

ಎಲ್‌ಇಡಿ ಬಂದ ಮೊದಲ ರಾತ್ರಿ ನಾನು ಹುಡುಗನಂತೆ ಆಡಿದ್ದು ನಿಜ. ಅಂಗಳದಲ್ಲಿ ನಿಲ್ಲಿಸಿ ಹಚ್ಚಿದರೆ ಅಡಿಕೆ ಕಂಗಿನ ಬುಡದಲ್ಲಿ ಬಿದ್ದ ಹಾಳೆಗಳನ್ನು ಎಣಿಸಬಹುದಿತ್ತು. ಚೆರ್ಕಳ–ಜಾಲ್ಸೂರು ರಸ್ತೆಯ ತಿರುವುಗಳಲ್ಲಿ ಬಿಳಿ ಗೆರೆ ಸುಣ್ಣ ಬಳಿದಂತೆ ಕಾಣುತ್ತಿತ್ತು. ಆ ತಿಂಗಳು ಯಾರಾದರೂ ಕೇಳಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಹಾಗೆ ಮೊದಲ ವಾರದಲ್ಲೇ ಕೊಟ್ಟವರ ಅಭಿಪ್ರಾಯ ಓದಿಯೇ ನಾನು ತರಿಸಿದ್ದು ಎಂಬುದೂ ನೆನಪಿರಲಿ.

ಮೊದಲು ಕಿರಿಕಿರಿ ಮಾಡಿದ್ದು ರೇಡಿಯೋ. ಮಂಗಳೂರು ಆಕಾಶವಾಣಿಯಲ್ಲಿ ಭಾಗವತರು ಪದ್ಯ ಎತ್ತಿಕೊಂಡಾಗ ಹೆಡ್‌ಲೈಟ್ ಹಚ್ಚಿದರೆ ಎಣ್ಣೆಗೆ ಸಾಸಿವೆ ಬಿದ್ದಂತೆ ಸದ್ದು. ಆರಿಸಿದರೆ ಪದ್ಯ ಸ್ವಚ್ಛ. ದೀಪದೊಳಗೆ ಕರೆಂಟನ್ನು ಹದಗೊಳಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ, ಅಗ್ಗದ್ದಾದರೆ ಅದೇ ರೇಡಿಯೋಗೆ ಅಡ್ಡಬರುತ್ತದೆ. ಸಹಿಸಿಕೊಂಡೆ.

ಜೂನ್ ಬಂತು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಜಡಿಮಳೆಯಲ್ಲಿ ಆ ನೀಲಿ ಮಿಶ್ರಿತ ಬಿಳಿ ಬೆಳಕು ಹನಿಗಳಿಗೆ ತಾಗಿ ಹಿಂದಕ್ಕೇ ಬರುತ್ತಿತ್ತು. ಯಕ್ಷಗಾನದಲ್ಲಿ ತೆರೆ ಹಿಡಿಯುತ್ತಾರಲ್ಲ, ಹಾಗೆ ಬಾನೆಟ್ಟಿನ ಮುಂದೆ ಒಂದು ಬಿಳಿ ತೆರೆ. ಅದಕ್ಕಿಂತ ಹೆಚ್ಚಾಗಿ ನಮ್ಮ ದಾರಿಯ ಮಣ್ಣು ತನ್ನ ಬಣ್ಣವನ್ನೇ ಕಳೆದುಕೊಂಡಿತು. ಹಳದಿ ಬೆಳಕಿನಲ್ಲಿ ಕೆಂಪು ಮಣ್ಣು ಕೆಂಪಾಗಿಯೇ ಕಾಣುತ್ತದೆ, ನೀರು ನಿಂತ ಗುಂಡಿ ಕಪ್ಪಗೆ ಬೇರೆಯಾಗಿ ನಿಲ್ಲುತ್ತದೆ. ಎಲ್‌ಇಡಿಯಲ್ಲಿ ಎರಡೂ ಬೂದಿ ಬಣ್ಣ. ಇಪ್ಪತ್ತು ವರ್ಷ ನಡೆದ ದಾರಿಯಲ್ಲಿ ಎಡಗಾಲಿಯನ್ನು ಗುಂಡಿಗೆ ಇಳಿಸಿ ಕುಳಿತೆ. ಗಾಜಿನೊಳಗೆ ಹಬೆಯೂ ಕಟ್ಟಿತು. ಹ್ಯಾಲೊಜೆನ್ ಬಲ್ಬಿನ ಬಿಸಿಗೆ ಒಳಗಿನ ತೇವ ಆರುತ್ತದೆ. ಎಲ್‌ಇಡಿಯ ಬಿಸಿ ಹಿಂಬದಿಯ ಲೋಹದ ರೆಕ್ಕೆಗಳಿಗೆ ಹೋಗುತ್ತದೆ, ಮುಂದಿನ ಗಾಜು ತಣ್ಣಗೇ ಉಳಿಯುತ್ತದೆ. ಆಗಸ್ಟಿನ ಹೊತ್ತಿಗೆ ಬಲಗಡೆಯ ದೀಪದೊಳಗೆ ಪಾಚಿ ಹಿಡಿಯುವುದೊಂದು ಬಾಕಿ.

ಇಷ್ಟಾದರೂ ಬಿಚ್ಚಿರಲಿಲ್ಲ. ಕೊಟ್ಟ ದುಡ್ಡಿನ ಮೋಹ.

ಮನಸ್ಸು ನಿಜಕ್ಕೂ ಮುರಿದದ್ದು ಆನೆಯಿಂದ. ಮುಳಿಯಾರು, ಕಾರಡ್ಕ, ದೇಲಂಪಾಡಿ ಪಂಚಾಯತುಗಳಲ್ಲಿ ಕಾಡಾನೆಯ ಉಪದ್ರ ಹೊಸತಲ್ಲ, ತೋಟ ಇರುವವರಿಗೆಲ್ಲ ಗೊತ್ತು. ಅವತ್ತು ತಾಳಮದ್ದಳೆ ಮುಗಿಸಿ ಕಾಡಿನ ಅಂಚಿನ ರಸ್ತೆಯಲ್ಲಿ ಬರುತ್ತಿದ್ದೆ, ಡಿಮ್‌ನಲ್ಲಿ. ಎದುರು ಒಂದು ಆಟೋ ಆಗಷ್ಟೇ ದಾಟಿತ್ತು. ಸುಮಾರು ಇಪ್ಪತ್ತು ಮೀಟರ್ ಮುಂದೆ ರಸ್ತೆಯ ನಡುವೆ ನಾಲ್ಕು ಮರದ ಕೊರಡುಗಳನ್ನು ಯಾರೋ ನಿಲ್ಲಿಸಿದಂತೆ ಕಂಡಿತು. ಕೊರಡುಗಳಿಗೆ ಉಗುರುಗಳಿದ್ದವು. ಮೊಣಕಾಲಿನ ಮಟ್ಟಕ್ಕೆ ಚೂರಿಯಲ್ಲಿ ಕೊಯ್ದಂತೆ ಬೆಳಕು ಮುಗಿದಿತ್ತು, ಅದರ ಮೇಲೆ ಏನೂ ಇರಲಿಲ್ಲ, ಬರೀ ಕತ್ತಲೆ. ಆಮೇಲೆ ಒಂದು ಕೊರಡು ಎದ್ದು ಮುಂದಕ್ಕೆ ಬಿತ್ತು.

ಬ್ರೇಕ್ ಒತ್ತಿ ನಿಂತೆ. ಹಾರನ್ ಹಾಕಲಿಲ್ಲ, ಬ್ರೈಟ್ ಹಾಕಲು ಧೈರ್ಯ ಬರಲಿಲ್ಲ. ಅದು ಸಾವಧಾನವಾಗಿ ಎಡಗಡೆಯ ತೋಟಕ್ಕೆ ಇಳಿಯಿತು. ಬಾಳೆ ಮುರಿಯುವ ಸದ್ದು ಕೇಳಿದ ಮೇಲೆ ನಾನು ಹೊರಟೆ.

ಮನೆಗೆ ಬಂದು ಯೋಚಿಸಿದೆ. ಈ ದೀಪದ ಡಿಮ್ ಬೆಳಕಿನ ಮೇಲಂಚು ಗೆರೆ ಹಾಕಿದಂತೆ ನಿಲ್ಲುತ್ತದೆ, ಅದನ್ನೇ ದೊಡ್ಡ ಗುಣವೆಂದು ಮಾರುತ್ತಾರೆ. ಸಪಾಟಾದ ಹೆದ್ದಾರಿಯಲ್ಲಿ ಇರಬಹುದು. ನಮ್ಮ ಏರುತಗ್ಗಿನಲ್ಲಿ ಆ ಗೆರೆ ತೊಟ್ಟಿಲಿನಂತೆ ಮೇಲೆ ಕೆಳಗೆ ತೂಗುತ್ತದೆ. ತಗ್ಗಿಗೆ ಇಳಿದರೆ ಎದುರಿನ ಏರಿನಲ್ಲಿ ಹತ್ತು ಮಾರು ದೂರಕ್ಕೆ ಬೆಳಕು ಕಡಿದುಹೋಗುತ್ತದೆ. ದಾರಿಗೆ ಬಾಗಿದ ಕೊಂಬೆಯಾಗಲಿ, ಮುರಿದು ನೇತಾಡುವ ಬಿದಿರಾಗಲಿ ಕಾಣುವುದಿಲ್ಲ. ಹಳೆಯ ದೀಪದ ಅಂಚು ಮಸುಕು. ಗೆರೆಯ ಮೇಲೂ ಸ್ವಲ್ಪ ಬೆಳಕು ಸೋರುತ್ತದೆ, ಆ ಸೋರಿಕೆಯಲ್ಲಿ ಕನಿಷ್ಠ ಆನೆಯ ಹೊಟ್ಟೆಯಾದರೂ ಕಂಡೀತು.

ನನ್ನ ಕಷ್ಟ ಹೀಗಿದ್ದರೆ ಎದುರಿನವರದ್ದು ಬೇರೆ. ಆಟ ಮುಗಿಸಿ ನಸುಕಿನಲ್ಲಿ ಬರುವಾಗ ಹಾಲಿನ ಸೊಸೈಟಿಯ ಕಾರ್ಯದರ್ಶಿಯವರು ಸ್ಕೂಟರಿನಲ್ಲಿ ಎದುರಾಗುತ್ತಾರೆ. ಒಂದು ದಿನ ಅವರು ಚರಂಡಿಯ ಪಕ್ಕ ಇಳಿದೇ ನಿಂತಿದ್ದರು. ಮರುದಿನ ಚಹಾದಂಗಡಿಯಲ್ಲಿ ಹೇಳಿದರು: “ಮಾಷ್ಟ್ರೇ, ನಿಮ್ಮ ಜೀಪು ಬರುವುದು ಚೆನ್ನಾಗಿ ಗೊತ್ತಾಗುತ್ತದೆ. ರಸ್ತೆ ಎಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ.” ಡಿಮ್‌ನಲ್ಲೇ ಇದ್ದೆ ಎಂದು ವಾದಿಸಿದೆ. ಅವರು ನಕ್ಕು ಚಹಾ ಕುಡಿದರು.

ದೀಪಾವಳಿಗೆ ಮಗ ಬಂದಾಗ ಪರೀಕ್ಷೆ ಮಾಡಿದೆವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದೆ: ಗಾಡಿಯ ಮುಂದೆ 8 ಮೀಟರ್ ದೂರದಲ್ಲಿ, ಬಲಬದಿಗೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿಟ್ಟವನಿಗೆ ಕೋರೈಸಬಾರದು ಎಂದು ಅದರ ಸಾರ. ಮಗನನ್ನು ಜೀಪಿನಲ್ಲಿ ಕೂರಿಸಿ, ಅಳೆದು, ನಾನೇ ಅಲ್ಲಿ ನಿಂತೆ. ಡಿಮ್ ಹಾಕಿದ. ಎರಡು ನಿಮಿಷ ನನಗೆ ಅಂಗಳದ ತುಳಸಿಕಟ್ಟೆ ಎಲ್ಲಿದೆಯೆಂದು ತಿಳಿಯಲಿಲ್ಲ.

ಆಮೇಲೆ ಕೊಟ್ಟಿಗೆಯ ಗೋಡೆಗೆ ಬೆಳಕು ಬಿಟ್ಟು ನೋಡಿದೆವು. ಗೆರೆ ಎಡಗಡೆ ನೆಟ್ಟಗಿತ್ತು, ಬಲಗಡೆ ಮೇಲಕ್ಕೆ ಹತ್ತಿತ್ತು. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು, ನಮಗೆ ಬೆಳಕು ಏರಬೇಕಾದದ್ದು ಎಡಕ್ಕೆ, ರಸ್ತೆಯಂಚು ಕಾಣುವಂತೆ. ಇದು ಬಲಬದಿಯಲ್ಲಿ ಓಡಿಸುವ ಅಮೆರಿಕದ ಜೀಪಿಗೆ ಮಾಡಿದ ದೀಪ. ಎಷ್ಟು ತಗ್ಗಿಸಿದರೂ ಎದುರಿನವನ ಕಣ್ಣಿಗೇ ಹೋಗುತ್ತದೆ. ಎರಡು ವರ್ಷ ಇಷ್ಟು ಜನರ ಶಾಪ ತಿಂದೆನಲ್ಲ ಎಂದು ಆ ರಾತ್ರಿ ಊಟ ಸೇರಲಿಲ್ಲ.

ಕೊಳ್ಳುವ ಮೊದಲು ಇದನ್ನು ತಿಳಿಯುವ ಉಪಾಯ ಗಾಜಿನ ಮೇಲೇ ಇದೆ, ನನಗೆ ಆಗ ಗೊತ್ತಿರಲಿಲ್ಲ. ಯುರೋಪಿನ ಮಾನದಂಡದ ದೀಪವಾದರೆ ವೃತ್ತದೊಳಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಅದರ ಹತ್ತಿರ, ದೀಪಕ್ಕೆ ಮುಖಮಾಡಿ ನಿಂತ ನಮ್ಮ ಬಲಕ್ಕೆ ತೋರಿಸುವ ಬಾಣ ಇದ್ದರೆ ಅದು ಎಡಬದಿ ಸಂಚಾರದ ದೇಶಕ್ಕೆ ಮಾಡಿದ್ದು. ಬಾಣವೇ ಇಲ್ಲದಿದ್ದರೆ ಬಲಬದಿಯ ದೇಶದ್ದು. ಎರಡೂ ಕಡೆ ಮೊನೆಯಿರುವ ಬಾಣವಾದರೆ ಎರಡಕ್ಕೂ ಹೊಂದಿಸಬಹುದು. ನನ್ನ ಎಲ್‌ಇಡಿಯ ಮೇಲೆ ಭೂತಗನ್ನಡಿ ಹಿಡಿದು ಹುಡುಕಿದೆ, ಬಾಣವೂ ಇಲ್ಲ, ‘ಇ’ಯೂ ಇಲ್ಲ, ಮಾರಿದವರ ಹೆಸರು ಮಾತ್ರ ದಪ್ಪಕ್ಷರದಲ್ಲಿತ್ತು.

ಮುಳ್ಳೇರಿಯದ ಆಟೋ ಎಲೆಕ್ಟ್ರಿಷಿಯನ್ ಮಾತು ಕಡಿಮೆಯ ಮನುಷ್ಯ. ಹಳೆಯ ದೀಪಗಳನ್ನು ಗೋಣಿಯಿಂದ ತೆಗೆದು ತಾತ್ಕಾಲಿಕವಾಗಿ ಸಿಕ್ಕಿಸಿ, ಮಲ್ಟಿಮೀಟರ್ ಹಿಡಿದ. ಇಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್. ಬಲ್ಬಿನ ಬುಡದಲ್ಲಿ 11.6. ಮೀಟರನ್ನು ನನ್ನ ಕಡೆ ತಿರುಗಿಸಿ ಸುಮ್ಮನೆ ನಿಂತ. ಹಳೆಯ ಜೀಪುಗಳಲ್ಲಿ ದೀಪದ ಕರೆಂಟು ಪೂರ್ತಿಯಾಗಿ ಸ್ವಿಚ್ಚಿನ ಮೂಲಕ, ಸಪೂರ ವಯರಿನಲ್ಲಿ, ತುಕ್ಕು ಹಿಡಿದ ಕೊಂಡಿಗಳನ್ನು ದಾಟಿ ಹೋಗುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇಕಡಾ 5 ಇಳಿದರೆ ಬೆಳಕು ಶೇಕಡಾ 15ರಷ್ಟು ಕುಗ್ಗುತ್ತದೆ. ನನ್ನ ಗಾಡಿಯಲ್ಲಿ ಇಳಿದದ್ದು ಶೇಕಡಾ 16. ಸೂಟೆ ಎಂದು ನಾನು ಬೈದದ್ದು ಪಾಪ ಆ ದೀಪವನ್ನು, ತಪ್ಪೆಲ್ಲ ವಯರಿನದ್ದು.

ಅವನು ಬ್ಯಾಟರಿಯಿಂದ ನೇರವಾಗಿ ದಪ್ಪ ವಯರು ಎಳೆದು, ಫ್ಯೂಸ್ ಹಾಕಿ, ಡಿಮ್‌ಗೊಂದು ಬ್ರೈಟ್‌ಗೊಂದು ರಿಲೇ ಕೂರಿಸಿದ. ಸ್ವಿಚ್ಚಿನ ಕೆಲಸ ಈಗ ರಿಲೇಗೆ ಸನ್ನೆ ಮಾಡುವುದಷ್ಟೇ. ಬಾಣ ನೋಡಿ ಆರಿಸಿದ ಹೊಸ ಗಾಜಿನ ದೀಪ, ಎಲ್ಲೆಡೆ ಸಿಗುವ 60/55 ವಾಟ್‌ನ (ಬ್ರೈಟ್‌ಗೆ 60, ಡಿಮ್‌ಗೆ 55) ಎಚ್4 ಬಲ್ಬು. ಬಲ್ಬಿನ ಬುಡದಲ್ಲಿ ಈಗ 13.4 ವೋಲ್ಟ್. ಸ್ವಿಚ್ ಎಳೆದರೆ ಬಾನೆಟ್ಟಿನೊಳಗೆ ‘ಟಿಕ್’ ಎಂದು ಒಂದು ಸಣ್ಣ ಸದ್ದು. ಎರಡು ವರ್ಷವಾಯಿತು, ಆ ಟಿಕ್ ಕೇಳಿದಾಗಲೆಲ್ಲ ನನಗೆ ಸಣ್ಣದೊಂದು ಸಂತೋಷ. ಹೆಂಡತಿಗೆ ಅದು ಕೇಳಿಸುವುದೇ ಇಲ್ಲವಂತೆ.

ಎಲ್‌ಇಡಿಯಷ್ಟು ಬೆಳಕು ಇದೆಯೇ ಎಂದರೆ ಇಲ್ಲ. ದೂರವೂ ಅಷ್ಟಿಲ್ಲ. ಆದರೆ ತೋಡು ದಾಟಿ ಏರು ಹತ್ತುವಾಗ ಗಾಡಿಯ ವೇಗ ಗಂಟೆಗೆ ಹತ್ತು ಕಿಲೋಮೀಟರ್ ಇದ್ದರೆ ಹೆಚ್ಚು, ಅಲ್ಲಿ ಬೇಕಾದದ್ದು ಹತ್ತಿರದ, ಅಗಲದ ಬೆಳಕು. ಈ ಗಾಜಿನ ಗೀರುಗಳು ಅದನ್ನು ದಾರಿಯ ಎರಡೂ ಬದಿಗೆ ಹರವುತ್ತವೆ. ಒಮ್ಮೆ ಕುಂಟಾರಿನ ಹತ್ತಿರ ಎಡದ ಬಲ್ಬು ಸುಟ್ಟುಹೋಯಿತು. ಅಡಿಕೆ ಚೀಲದ ಮೇಲೆ ಕೂತು ಟಾರ್ಚಿನ ಬೆಳಕಿನಲ್ಲಿ ಹತ್ತು ನಿಮಿಷದಲ್ಲಿ ಬದಲಿಸಿದೆ. ಬಲ್ಬಿನ ಗಾಜಿಗೆ ಬರಿಬೆರಳು ತಾಗಿಸಬಾರದು, ಕೈಯ ಜಿಡ್ಡು ಕಾದು ಬಲ್ಬು ಬೇಗ ಹೋಗುತ್ತದೆ. ಕಾಗದದಲ್ಲಿ ಹಿಡಿದೆ. 100/90 ವಾಟ್ ಬಲ್ಬು ಹಾಕಿಸಿ ಎನ್ನುವವರು ಪ್ರತಿ ಪೇಟೆಯಲ್ಲೂ ಇದ್ದಾರೆ. ಅದು ರಸ್ತೆಗೆ ಕಾನೂನುಬದ್ಧವಲ್ಲ, ಸಾಲದ್ದಕ್ಕೆ ಪ್ಲಾಸ್ಟಿಕ್ ಹೋಲ್ಡರನ್ನು ಕರಗಿಸುತ್ತದೆ. ಚಾವಣಿಯ ಮೇಲೆ ಉದ್ದದ ಲೈಟ್‌ಬಾರ್ ಹಾಕಿಸೋಣ ಎಂದು ಮಗ ಹೇಳಿದ್ದ. ಗಾಡಿಯ ಮೂಲ ವಿವರಕ್ಕೆ ಹೊರತಾದ ಮಾರ್ಪಾಡು ಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದ್ದೇ ಪ್ರಕರಣದಲ್ಲಿ ಎಂದು ನೆನಪಿಸಿದೆ. ಆ ಮಾತು ಅಲ್ಲಿಗೆ ನಿಂತಿತು.

ನನ್ನ ಸಂಜೆಯ ಕೆಲಸವೊಂದಿದೆ. ಚಿಕ್ಕವನಿದ್ದಾಗ ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಒಳಗೆ ಕೈ ಹೋಗುವಷ್ಟು ಸಪೂರ ಕೈ ನನ್ನದೊಂದೇ. ಈಗ ಹೊರಡುವ ಮೊದಲು ಹಳೆಯ ಬೈರಾಸಿನ ತುಂಡನ್ನು ಒದ್ದೆ ಮಾಡಿ ಎರಡೂ ದೀಪಗಳ ಕೆಸರು ಒರೆಸುತ್ತೇನೆ, ಒಣ ತುದಿಯಿಂದ ಇನ್ನೊಮ್ಮೆ. ಮಳೆಗಾಲದಲ್ಲಿ ಒಂದೇ ದಿನದ ಕೆಸರು ಎಷ್ಟು ಬೆಳಕು ತಿನ್ನುತ್ತದೆ ಎಂಬುದು ಒರೆಸಿದವರಿಗೆ ಮಾತ್ರ ಗೊತ್ತು. ಕೊಟ್ಟಿಗೆಯ ಗೋಡೆಯಲ್ಲಿ ಸೀಮೆಸುಣ್ಣದ ಗುರುತುಗಳಿವೆ: ಹತ್ತು ಮೀಟರ್ ದೂರದಿಂದ ನೋಡಿದಾಗ ಬೆಳಕಿನ ಅಂಚು ದೀಪದ ಎತ್ತರಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿರಬೇಕು. ಪುತ್ತೂರಿಗೆ ಅಡಿಕೆ ಒಯ್ಯುವ ದಿನ ಹಿಂದೆ ನಾಲ್ಕು ಚೀಲ ಬಿದ್ದ ಕೂಡಲೇ ಜೀಪಿನ ಮೂತಿ ಮೇಲೇಳುತ್ತದೆ, ಬೆಳಕು ಎದುರಿನವರ ಕಣ್ಣಿಗೆ ಏರುತ್ತದೆ. ಆಗ ಸ್ಕ್ರೂಡ್ರೈವರಿನಲ್ಲಿ ಮೇಲಿನ ತಿರುಪನ್ನು ಗುರುತಿಗೆ ಬರುವ ತನಕ ತಿರುಗಿಸುತ್ತೇನೆ, ಚೀಲ ಇಳಿಸಿ ಬಂದ ಮೇಲೆ ಮತ್ತೆ ಹಿಂದಕ್ಕೆ. ಹಾಲಿನ ಕಾರ್ಯದರ್ಶಿಯವರು ಈಗ ಸ್ಕೂಟರಿನಲ್ಲೇ ಕೈ ಎತ್ತಿ ದಾಟುತ್ತಾರೆ.

ಎಲ್‌ಇಡಿಗಳು ಎಲ್ಲಿ ಎಂದರೆ, ಒಂದು ಅಟ್ಟದಲ್ಲಿದೆ. ಇನ್ನೊಂದನ್ನು ಅಂಗಳದ ಚಪ್ಪರದ ಕಂಬಕ್ಕೆ ಕಟ್ಟಿ, ಜೀಪಿಗೆ ಬೇಡವಾದ ಹಳೆಯ ಬ್ಯಾಟರಿಯಿಂದ ವಯರು ಎಳೆದಿದ್ದೇನೆ. ಕರೆಂಟು ಹೋದ ರಾತ್ರಿ ಅದರಡಿ ಕೂತು ಅಡಿಕೆ ಸುಲಿಯುತ್ತೇವೆ. ಸಿಪ್ಪೆಯ ಒಂದೊಂದು ನಾರೂ ಕಾಣುತ್ತದೆ. ಬಲಕ್ಕೆ ಏರುವ ಬೆಳಕು ಹಲಸಿನ ಮರಕ್ಕೆ ಬೀಳುತ್ತದೆ. ಮೊದಲ ವಾರ ಅದರಲ್ಲಿ ಮಲಗುತ್ತಿದ್ದ ಕೋಳಿಗಳು ನಡುರಾತ್ರಿ ಕೂಗಿದವು, ಈಗ ಕೊಟ್ಟಿಗೆಯ ಹಿಂದಕ್ಕೆ ಹೋಗಿವೆ.