ಹುಲ್ಲುಹಾಸಿನ ಮೇಲೆ ಉಳುಮೆಯಿಲ್ಲದ ತರಕಾರಿ ತೋಟ: ರಟ್ಟೋ, ಟಾರ್ಪಾಲೋ?

ಎರಡೂ ವಿಧಾನಗಳು ಬೆಳಕನ್ನು ತಡೆದು ಹುಲ್ಲನ್ನು ಸಾಯಿಸುತ್ತವೆ. ವ್ಯತ್ಯಾಸವಿರುವುದು ಕಾಯುವ ಅವಧಿಯಲ್ಲಿ ಮತ್ತು ಕಾಂಪೋಸ್ಟ್‌ನ ಪ್ರಮಾಣದಲ್ಲಿ. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಅಂಟುಪಟ್ಟಿ ಮತ್ತು ಪಿನ್ನು ಕಿತ್ತ ರಟ್ಟನ್ನು ಅಂಚುಗಳು 15 ಸೆಂ.ಮೀ.ನಷ್ಟು ಒಂದರ ಮೇಲೊಂದು ಬರುವಂತೆ ಹಾಸಿ, ಚೆನ್ನಾಗಿ ನೆನೆಸಿ, ಮೇಲೆ 10ರಿಂದ 15 ಸೆಂ.ಮೀ. ಮಾಗಿದ ಕಾಂಪೋಸ್ಟ್ ಹರಡಿದರೆ ಅದೇ ದಿನ ಸೊಪ್ಪಿನ ಸಸಿಗಳನ್ನು ನೆಡಬಹುದು. ಆದರೆ 10 ಚದರ ಮೀಟರಿಗೆ ಒಂದರಿಂದ ಒಂದೂವರೆ ಘನ ಮೀಟರ್ ಕಾಂಪೋಸ್ಟ್ ಬೇಕು (ಹೊತ್ತು ತರುವಾಗಲೇ ಅದರ ಭಾರ ತಿಳಿಯುವುದು), ಮತ್ತು ಆಳಕ್ಕಿಳಿಯುವ ಕ್ಯಾರೆಟ್ ಬಿತ್ತಲು ರಟ್ಟು ಕೊಳೆಯುವ ತನಕ ಕಾಯಬೇಕು.

ಕಪ್ಪು ಟಾರ್ಪಾಲನ್ನು ಮತ್ತೆ ಮತ್ತೆ ಬಳಸಬಹುದು, ಕಾಂಪೋಸ್ಟೂ ಕಡಿಮೆ ಸಾಕು. ಆದರೆ ಹುಲ್ಲು ಸಾಯಲು ಬೆಚ್ಚನೆಯ ಹವೆಯಲ್ಲೂ ಹಲವು ವಾರ ಹಿಡಿಯುತ್ತದೆ, ಚಳಿಯಲ್ಲಿ ತಿಂಗಳುಗಳೇ ಬೇಕು. ಗರಿಕೆ ಬೇರೂರಿದ್ದರೆ ನಾನು ಟಾರ್ಪಾಲನ್ನೇ ಆರಿಸುತ್ತೇನೆ, ಏಕೆಂದರೆ ಗರಿಕೆಯ ನೆಲದಡಿಯ ಕಾಂಡಗಳು ರಟ್ಟಿನ ಸಂದುಗಳಲ್ಲಿ ನುಸುಳಿ ಮೇಲೇಳುತ್ತವೆ.